ಮಗು ಭಾಷೆ ಬೆರೆಸಿದರೆ ಮನೆಮಾತು ಬಿಡಬೇಕೇ?

ಮಾನ್ಯ ಸಂಪಾದಕರೇ,

ಎಲ್‌ಕೆಜಿಗೆ ಹೋಗುವ ನನ್ನ ಮೊಮ್ಮಗಳ ಡೈರಿಯಲ್ಲಿ ಶಾಲೆಯವರು ಕಳೆದ ತಿಂಗಳು ಒಂದು ಸೂಚನೆ ಬರೆದು ಕಳುಹಿಸಿದ್ದರು. ಮಗು ಕನ್ನಡ, ಇಂಗ್ಲಿಷ್ ಎರಡನ್ನೂ ಬೆರೆಸಿ ಮಾತನಾಡುತ್ತಿದ್ದು, ಗೊಂದಲಕ್ಕೆ ಒಳಗಾಗಿರುವುದರಿಂದ ಮನೆಯಲ್ಲಿ ಇನ್ನು ಇಂಗ್ಲಿಷನ್ನಷ್ಟೇ ಆಡಬೇಕು ಎಂಬುದು ಅದರ ಸಾರ. ನೆರೆಹೊರೆಯ ಮೂರ್ನಾಲ್ಕು ಮನೆಗಳಲ್ಲಿ ವಿಚಾರಿಸಿದಾಗಲೂ ಇದೇ ಮಾತು ಕೇಳಿಬಂತು. ಎರಡು ಭಾಷೆಗಳನ್ನು ಮನಸ್ಸು ಹೇಗೆ ಹತೋಟಿಯಲ್ಲಿಟ್ಟುಕೊಳ್ಳುತ್ತದೆ ಎಂಬುದನ್ನು ತಿಳಿಯದೆ ಕೊಡುವ ಸಲಹೆ ಇದು ಎಂದು ನನಗನ್ನಿಸುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಬೆಳಗಾವಿಯ ಬ್ಯಾಂಕೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕ್ಯಾಷಿಯರ್ ಆಗಿದ್ದವನು. ನೋಟು ಎಣಿಸುತ್ತಿದ್ದುದು ಕನ್ನಡದಲ್ಲಿ, ಕೌಂಟರಿನ ಆಚೆಗಿನ ಮಾತು ಬಹುಪಾಲು ಮರಾಠಿಯಲ್ಲಿ. ನಾವು ನಲವತ್ತೇಳು ಎನ್ನುವಾಗ ನಲವತ್ತು ಮೊದಲು ಬಂದರೆ, ಮರಾಠಿಯ ಸತ್ತೇಚಾಳೀಸದಲ್ಲಿ ಏಳು ಮೊದಲು ಬರುತ್ತದೆ. ಬೆಳಗಿನಿಂದ ಮರಾಠಿಯಲ್ಲೇ ಲೆಕ್ಕ ಹೇಳಿದ ಮೇಲೆ ಕನ್ನಡದ ಗ್ರಾಹಕರೊಬ್ಬರು ಎದುರಿಗೆ ನಿಂತರೆ, ಹುಟ್ಟಿನಿಂದ ಆಡಿದ ಭಾಷೆಯ ಸಂಖ್ಯೆಯೇ ನಾಲಿಗೆಗೆ ಬರಲು ಒಂದು ಕ್ಷಣ ತಡವರಿಸುತ್ತಿತ್ತು. ಕನ್ನಡದಿಂದ ಮರಾಠಿಗೆ ಹೊರಳುವಾಗ ಅಷ್ಟು ತೊಡಕಾಗುತ್ತಿರಲಿಲ್ಲ. ಕನ್ನಡ ಮರೆಯುತ್ತಿದ್ದೇನೆಯೇ ಎಂದು ನಾಚಿಕೊಂಡದ್ದೂ ಉಂಟು.

ನಿವೃತ್ತಿಯ ನಂತರ ಓದಿದ ಮೇಲೆ ಇದು ನನ್ನೊಬ್ಬನ ಪಾಡಲ್ಲವೆಂದು ತಿಳಿಯಿತು. 1999ರಲ್ಲಿ ಮ್ಯೂಟರ್ ಮತ್ತು ಆಲ್‌ಪೋರ್ಟ್ ಎಂಬ ಸಂಶೋಧಕರು ಎರಡು ಭಾಷೆ ಬಲ್ಲವರಿಗೆ ಅಂಕಿಗಳನ್ನು ತೋರಿಸಿ, ಹಿನ್ನೆಲೆಯ ಬಣ್ಣ ಸೂಚಿಸಿದ ಭಾಷೆಯಲ್ಲಿ ಅವನ್ನು ಹೇಳಿಸಿದಾಗ, ಮೊದಲ ಭಾಷೆಗೆ ಮರಳುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಅದಕ್ಕೆ ಒಂದು ವರ್ಷ ಹಿಂದೆ ಮನೋವಿಜ್ಞಾನಿ ಡೇವಿಡ್ ಗ್ರೀನ್ ಮಂಡಿಸಿದ್ದ ವಿವರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಒಂದು ಭಾಷೆಯನ್ನು ಆಡುವಾಗ ಇನ್ನೊಂದು ಮಲಗಿರುವುದಿಲ್ಲ, ಎಚ್ಚರವಾಗಿಯೇ ಇರುತ್ತದೆ. ಅದನ್ನು ಮನಸ್ಸು ಅದುಮಿ ಹಿಡಿಯಬೇಕಾಗುತ್ತದೆ. ಬಲವಾದ ಭಾಷೆಯನ್ನು ಬಲವಾಗಿಯೇ ಅದುಮಬೇಕಾದ್ದರಿಂದ ಅದು ಮತ್ತೆ ಮೇಲೇಳಲು ತಡವಾಗುತ್ತದೆ. ಎರಡೂ ಭಾಷೆ ಸರಿಸಮನಾಗಿ ಬಲ್ಲವರಲ್ಲಿ ಈ ಏರುಪೇರು ಕಾಣುವುದಿಲ್ಲವೆಂದು ಸ್ಪ್ಯಾನಿಷ್ ಮತ್ತು ಕ್ಯಾಟಲನ್ ಆಡುವವರ ಮೇಲೆ ನಡೆದ 2004ರ ಅಧ್ಯಯನ ತೋರಿಸಿತು. ಅಂತೂ ನನ್ನ ತಡವರಿಕೆ ಭಾಷೆ ಮರೆತ ಗುರುತಾಗಿರಲಿಲ್ಲ.

ಈಗ ಮೊಮ್ಮಗಳ ವಿಷಯ. ಮನೆಯಲ್ಲಿ ಆಕೆ 'ಅಜ್ಜಾ, ಬಾಟಲಿ ಓಪನ್ ಮಾಡಿ ಕೊಡು' ಎನ್ನುವುದು ನಿಜ. ಆದರೆ ಇಂಗ್ಲಿಷ್ ಅರಿಯದ ನನ್ನ ಅಕ್ಕ ಹಳ್ಳಿಯಿಂದ ಬಂದಾಗ ಅದೇ ಬಾಟಲಿಯನ್ನು ಮುಂದೆ ಹಿಡಿದು 'ತಗದ ಕೊಡು' ಎನ್ನುತ್ತಾಳೆ. ಯಾರ ಮುಂದೆ ಯಾವ ಪದ ನಡೆಯುತ್ತದೆ ಎಂದು ಅಳೆದು ನೋಡುವ ಮಗುವನ್ನು ಗೊಂದಲಕ್ಕೊಳಗಾದದ್ದು ಎನ್ನುವುದು ಹೇಗೆ? ಬೆರಕೆಗೂ ಒಂದು ಕ್ರಮವಿದೆ: 'ಸ್ಕೂಲ್ ಬಸ್ಸಿನ್ಯಾಗ' ಎಂಬಲ್ಲಿ ಪದ ಇಂಗ್ಲಿಷಿನದಾದರೂ ಪ್ರತ್ಯಯ ನಮ್ಮ ಕಡೆಯ ಕನ್ನಡದ್ದೇ, ಅದೂ ಸರಿಯಾದ ಜಾಗದಲ್ಲಿಯೇ. ಶಾಲೆಯಲ್ಲಿ ಆಕೆ ಕನ್ನಡ ಪದ ಹಾಕಿದರೆ ಆ ಇಂಗ್ಲಿಷ್ ಪದ ಆಕೆಗೆ ಇನ್ನೂ ತಿಳಿದಿಲ್ಲ ಎಂದಷ್ಟೇ ಅರ್ಥ, ಕಲಿಸಬೇಕಾದವರು ಶಾಲೆಯವರು.

ಮನೆಮಾತನ್ನು ಉಳಿಸಿಕೊಂಡೇ ಇತರ ಭಾಷೆಗಳಲ್ಲಿ ವ್ಯವಹರಿಸಿದವರನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಶತಮಾನಗಳಿಂದ ಜೊತೆಗಿದ್ದು, ಅವುಗಳ ವಾಕ್ಯರಚನೆ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಪದಗಳು ಬೇರೆಬೇರೆಯಾಗಿಯೇ ಉಳಿದಿವೆ ಎಂದು ಭಾಷಾ ಸಂಶೋಧಕರಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು. ಭಾಷೆ ಬದಲಿಸುವ ಹೊರೆಯನ್ನು ಜನ ಹಾಗೆ ಹಗುರ ಮಾಡಿಕೊಂಡರೇ ಹೊರತು ಮನೆಯ ಮಾತನ್ನು ಬಿಟ್ಟುಕೊಡಲಿಲ್ಲ.

ಎರಡು ಭಾಷೆ ಬಂದರೆ ಮಕ್ಕಳು ಜಾಣರಾಗುತ್ತಾರೆಂದು ಮಾತ್ರ ನಾನು ವಾದಿಸುವುದಿಲ್ಲ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ 648 ಮರೆಗುಳಿ ರೋಗಿಗಳನ್ನು ಪರಿಶೀಲಿಸಿದ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು, ದ್ವಿಭಾಷಿಕರಲ್ಲಿ ರೋಗಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಂಡಿತೆಂದು 2013ರಲ್ಲಿ ವರದಿ ಮಾಡಿದ್ದಾರೆ. ಆದರೆ ಇಂಥ ಲಾಭಗಳ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಮನೆಯಲ್ಲಿ ಕನ್ನಡ ಆಡಲು ಅಂಥ ಲಾಭದ ಸಮರ್ಥನೆ ಬೇಕಾಗಿಯೂ ಇಲ್ಲ.

ಮಗುವಿಗೆ ಮಾತು ನಿಜವಾಗಿಯೂ ತಡವಾಗುತ್ತಿದೆ ಎನ್ನಿಸಿದರೆ, ಆಡುವ ಎಲ್ಲ ಭಾಷೆಗಳಲ್ಲೂ ಅದನ್ನು ಪರೀಕ್ಷಿಸಿ ನೋಡಬಲ್ಲ ವಾಕ್ ತಜ್ಞರು ನಮ್ಮಲ್ಲಿದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಅದಕ್ಕೆ. ಡೈರಿಯಲ್ಲಿ ಎರಡು ಸಾಲು ಗೀಚಿ ಮನೆಮಾತು ನಿಲ್ಲಿಸಿ ಎನ್ನುವುದನ್ನು ಶಾಲೆಗಳು ಬಿಡಬೇಕು, ಶಿಕ್ಷಣ ಇಲಾಖೆ ಈ ಬಗ್ಗೆ ಸ್ಪಷ್ಟ ಸುತ್ತೋಲೆ ಹೊರಡಿಸಬೇಕು ಎಂದು ಕೋರುತ್ತೇನೆ. ಆ ಸೂಚನೆಯ ಕೆಳಗೆ ನನ್ನ ಸೊಸೆ ಸಹಿ ಹಾಕದೆ ಡೈರಿಯನ್ನು ಹಿಂದಿರುಗಿಸಿದ್ದಾಳೆ.

ಇತಿ,
ನಿವೃತ್ತ ಬ್ಯಾಂಕ್ ನೌಕರ, ಬೆಳಗಾವಿ