ವಿಜ್ಞಾನದ ಆನ್‌ಲೈನ್ ಪ್ರಯೋಗ: ಪೋಷಕರಿಗೆ ಒಂದು ಪತ್ರ

ದಾವಣಗೆರೆ

9 ಮತ್ತು 10ನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರ.

ಹೋದ ವಾರದ ಸಭೆಯಲ್ಲಿ ತಂದೆಯೊಬ್ಬರು ಎದ್ದು ಕೇಳಿದರು: "ಮೇಡಂ, ಶಾಲೆಯಲ್ಲೇ ಲ್ಯಾಬ್ ಇದೆಯಲ್ಲ, ಮತ್ಯಾಕೆ ಮಕ್ಕಳ ಕೈಗೆ ಮೊಬೈಲ್ ಕೊಡಿಸ್ತೀರಿ?" ತುಂಬಾ ಜನ ಹೌದೆಂದು ತಲೆಯಾಡಿಸಿದರು. ಅವತ್ತು ಪೂರ್ತಿ ಉತ್ತರಿಸಲು ಆಗಲಿಲ್ಲ.

ಲ್ಯಾಬ್ ಮುಚ್ಚಿಲ್ಲ, ಮುಚ್ಚುವುದೂ ಇಲ್ಲ. ಶನಿವಾರದ ಪ್ರಯೋಗ ಎಂದಿನಂತೆ ಇದ್ದೇ ಇರುತ್ತದೆ. ಮೊಬೈಲ್ ಪರದೆಯ ಮೇಲೆ ಆನ್‌ಲೈನ್‌ನಲ್ಲಿ ಪ್ರಯೋಗ ಮಾಡುವುದು ಅದಕ್ಕೆ ತಯಾರಿ, ಅಷ್ಟೇ.

ಮೊನ್ನೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಆನ್‌ಲೈನ್ ಕ್ಲಾಸಿನಲ್ಲಿ ಬ್ಯಾಟರಿಯ ಎರಡೂ ತುದಿಗೆ ನೇರವಾಗಿ ವೈರ್ ಜೋಡಿಸಿಬಿಟ್ಟಳು. ಪರದೆಯ ಮೇಲೆ ಬ್ಯಾಟರಿಗೆ ಬೆಂಕಿ ಹತ್ತಿತು. "ಅಯ್ಯೋ ಮಿಸ್!" ಎಂದು ಕೂಗಿದಳು. ಆಮೇಲೆ ತಾನೇ ನಡುವೆ ಬಲ್ಬ್ ಹಾಕಿ ನೋಡಿದಳು. ಶನಿವಾರ ಲ್ಯಾಬ್‌ನಲ್ಲಿ ಸ್ವಿಚ್ ಹಾಕುವ ಮುಂಚೆ ಅವಳು ಒಂದೊಂದೇ ವೈರನ್ನು ಬೆರಳಿಟ್ಟು ಪರೀಕ್ಷಿಸಿದ್ದನ್ನು ನಾನೇ ಕಂಡೆ. ಲ್ಯಾಬ್‌ನಲ್ಲಿ ಆರು ಮಕ್ಕಳಿಗೆ ಒಂದೇ ಸೆಟ್. ತಪ್ಪು ಮಾಡಿ ತಿದ್ದಿಕೊಳ್ಳುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ.

ದುಡ್ಡು ಕೇಳುವ ಆ್ಯಪ್‌ಗಳನ್ನು ನಾವು ತೆಗೆದುಕೊಂಡಿಲ್ಲ. ಬಳಸುತ್ತಿರುವುದು ಎರಡು. ಒಂದು, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಎಂಬ ಜಾಲತಾಣ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಜಾಹೀರಾತಿಲ್ಲ, ಹಲವು ಪ್ರಯೋಗಗಳು ಕನ್ನಡದಲ್ಲೇ ಇವೆ, ಒಮ್ಮೆ ಇಳಿಸಿಕೊಂಡರೆ ನೆಟ್ ಕೂಡ ಬೇಡ. ಇನ್ನೊಂದು ನಮ್ಮ ದೇಶದ್ದೇ, ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಸೇರಿ ಮಾಡಿದ ಓಲ್ಯಾಬ್ಸ್ (OLabs).

ನಿಮ್ಮ ಭಯ ಸುಳ್ಳಲ್ಲ. ಕೋವಿಡ್ ಸಮಯದಲ್ಲಿ ಪಾಠಕ್ಕೆಂದು ಕೊಟ್ಟ ಫೋನು ಆಮೇಲೆ ಮಕ್ಕಳ ಕೈಬಿಡಲಿಲ್ಲ, ಅದನ್ನು ಶಾಲೆಯಲ್ಲಿ ನಾವೂ ಅನುಭವಿಸಿದ್ದೇವೆ. ಅದಕ್ಕೇ ವಾರಕ್ಕೆ ಎರಡೇ ದಿನ, ಮಂಗಳವಾರ ಮತ್ತು ಗುರುವಾರ, ನಲವತ್ತೇ ನಿಮಿಷ. ಹೊಸ ಫೋನು ಕೊಡಿಸಿ ಎಂದು ನಾವು ಹೇಳಿಲ್ಲ. ಮತ್ತೆ ಹೇಳುತ್ತೇನೆ, ಮನೆಯಲ್ಲಿರುವ ಒಂದು ಫೋನೇ ಸಾಕು. ಮಂಡಕ್ಕಿ ಭಟ್ಟಿಯಿಂದ, ಅಂಗಡಿಯಿಂದ ಅಪ್ಪ ಮನೆಗೆ ಬರುವುದೇ ಎಂಟಕ್ಕೆ, ಫೋನೂ ಅವರ ಜೊತೆಗೇ ಬರುತ್ತದೆ ಎಂದು ಅಮ್ಮಂದಿರು ಹೇಳಿದರು. ಅದು ನಮಗೆ ಹೊಳೆದಿರಲಿಲ್ಲ. ಹಾಗಾಗಿ ಏಳಕ್ಕಿದ್ದ ಕ್ಲಾಸನ್ನು ಎಂಟೂವರೆಗೆ ಬದಲಾಯಿಸಿದ್ದೇವೆ. ಅದೂ ಆಗದ ಮಕ್ಕಳು ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ಮಾಡಬಹುದು, ಟೀಚರ್ ಜೊತೆಗಿರುತ್ತಾರೆ. ಆದರೆ ಯಾವ ಮಗುವೂ ತಯಾರಿಯಿಲ್ಲದೆ ಶನಿವಾರ ಲ್ಯಾಬ್‌ಗೆ ಬರಬಾರದು. ಆ್ಯಸಿಡ್, ಬರ್ನರ್ ಇರುವ ಜಾಗ ಅದು.

ಆ ನಲವತ್ತು ನಿಮಿಷ ಮಗುವನ್ನು ನಡುಮನೆಯಲ್ಲೇ ಕೂರಿಸಿ, ಮುಗಿದ ತಕ್ಷಣ ಫೋನು ವಾಪಸ್ ಇಸ್ಕೊಳ್ಳಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ