ಕ್ರಾಂಕ್ ಪುಲ್ಲಿ ಒಳಗಿನ ರಬ್ಬರು ಸುಮ್ನೆ ಇಟ್ಟಿದ್ದಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತು ಅಂದ್ರೆ ವೈಪರ್ ನೋಡ್ಕೊಳ್ಳಿ, ಟಯರ್ ನೋಡ್ಕೊಳ್ಳಿ, ಬ್ರೇಕ್ ನೋಡ್ಕೊಳ್ಳಿ ಅಂತ ಪೇಪರಲ್ಲಿ ಬರುತ್ತೆ, ಬರ್ಲಿ, ಬೇಕಾದ್ದೇ. ಆದ್ರೆ ಈಗ ನಮ್ ಕಡೆ ಹುಡುಗ್ರು ಆನ್‌ಲೈನಲ್ಲಿ ಪಾರ್ಟ್ಸ್ ತರಿಸ್ಕೊಂಡು ಮನೆ ಅಂಗಳದಲ್ಲೇ ಇಂಜಿನ್ ಕೆಲಸಕ್ಕೆ ಕೈ ಹಾಕ್ತಿದಾರೆ, ಅದ್ರಲ್ಲೂ ಈ ಬಣ್ಣಬಣ್ಣದ ಅಲ್ಯುಮಿನಿಯಂ ಕ್ರಾಂಕ್ ಪುಲ್ಲಿ, ಅಂದ್ರೆ ಪಿಸ್ಟನ್ ತಿರುಗಿಸೋ ಇಂಜಿನ್ನಿನ ಮುಖ್ಯ ಶಾಫ್ಟು ಕ್ರಾಂಕ್ ಇದ್ಯಲ್ಲ, ಅದ್ರ ತುದಿಗೆ ಕೂತು ಬೆಲ್ಟ್ ಓಡಿಸೋ ಗಾಲಿ, ಅದ್ರ ಬಗ್ಗೆ ಕನ್ನಡದಲ್ಲಿ ಯಾರಾದ್ರೂ ಬಿಡಿಸಿ ಹೇಳಿದ್ದು ನಾನಂತೂ ನೋಡಿಲ್ಲ, ಅದಕ್ಕೇ ಈ ಪತ್ರ.

ನಾನು ತೀರ್ಥಹಳ್ಳಿ ಕಡೆ ತೋಟದವನು. ಮೆಕ್ಯಾನಿಕ್ ಅಲ್ಲ, ಆದ್ರೆ ಪಂಪ್‌ಸೆಟ್ಟು, ಟಿಲ್ಲರ್ರು, ಔಷಧಿ ಹೊಡೆಯೋ ಮಷೀನು ಎಲ್ಲಾ ನಾನೇ ಬಿಚ್ಚಿ ನಾನೇ ಜೋಡಿಸ್ತೀನಿ, ಹಂಗಾಗಿ ಮನೇಲಿ ಇಂಥ ಕೆಲಸ ಮಾಡ್ಲೇಬಾರ್ದು ಅನ್ನೋನಲ್ಲ ನಾನು.

ನಮ್ಮಕ್ಕನ ಮಗ ಶಿವಮೊಗ್ಗದಲ್ಲಿರೋದು, ಅವನ ಹತ್ರ ಹಳೇ ಪೆಟ್ರೋಲ್ ಕಾರಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬೆಲ್ಟ್ ಕೀಚ್ ಅಂತ ಕೂಗ್ತಿತ್ತು, ನೋಡಿದ್ರೆ ಕ್ರಾಂಕ್ ಪುಲ್ಲಿಯ ಹೊರಗಿನ ರಿಂಗು ಓಲಾಡ್ತಿದೆ, ಒಳಗಿನ ರಬ್ಬರು ಬಿರುಕು ಬಿಟ್ಟಿದೆ. ಮುಂದಿನ ಆಯಿಲ್ ಸೀಲ್ ಸೋರಿ ಸೋರಿ ರಬ್ಬರು ಮೆತ್ತಗಾಗಿತ್ತು. ಅವನು ಆನ್‌ಲೈನಲ್ಲಿ ಒಂದು ಕೆಂಪು ಪುಲ್ಲಿ ತರಿಸಿದ, ತೂಕ ಕಮ್ಮಿ, ಪಿಕಪ್ ಜಾಸ್ತಿ ಅಂತ ಬರ್ಕೊಂಡಿದ್ರಂತೆ, ರಬ್ಬರೇ ಇಲ್ಲ, ಸೈಜೂ ಒರಿಜಿನಲ್‌ಗಿಂತ ಚಿಕ್ಕದು, ಅದಕ್ಕೆ ಸಣ್ಣ ಬೆಲ್ಟೂ ತರಿಸಿ ಒಂದು ಭಾನುವಾರ ಅವನೇ ಕೂರಿಸಿದ.

ಜುಲೈಲಿ ಉಡುಪಿಗೆ ಹೋಗಿ ರಾತ್ರಿ ವಾಪಸ್ ಆಗುಂಬೆ ಘಾಟಿ ಹತ್ತೋವಾಗ ನಾನೂ ಜೊತೇಲಿದ್ದೆ. ಮಳೆ ಅಂದ್ರೆ ಆಗುಂಬೆ ಮಳೆ, ಹೇಳ್ಬೇಕಾಗಿಲ್ಲ. ಒಂದು ತಿರುವಲ್ಲಿ ಮುಂದೆ ಗಾಡಿ ನಿಂತು ನಾವೂ ನಿಂತ್ವಿ, ಇಂಜಿನ್ ಐಡಲ್‌ಗೆ ಬಂದಿದ್ದೇ ತಡ ಹೆಡ್‌ಲೈಟ್ ಮಂಕಾಯ್ತು, ವೈಪರ್ ಎಳೀತಾ ಎಳೀತಾ ಹೋಗ್ತಿದೆ, ಮೀಟರಲ್ಲಿ ಬ್ಯಾಟರಿ ಲೈಟ್ ಮಿಣಮಿಣ. ಒಂದು ಪಕ್ಕ ಕಮರಿ, ಹಿಂದೆ ಸಾಲಾಗಿ ಗಾಡಿ. ಅಳಿಯ "ಮಾವ, ಬ್ಯಾಟರಿ ಹೊಸದೇ ಹಾಕ್ಸಿದ್ನಲ್ಲ" ಅಂದ. ಬ್ಯಾಟರಿದು ತಪ್ಪಿರ್ಲಿಲ್ಲ. ಲೆಕ್ಕ ಸುಲಭ, ಕ್ರಾಂಕ್ ಪುಲ್ಲಿ ಸೈಜು ನೂರಕ್ಕೆ 20 ಕಮ್ಮಿ ಆದ್ರೆ ಆ ಬೆಲ್ಟಿಂದ ತಿರುಗೋದೆಲ್ಲ ಅಷ್ಟೇ ನಿಧಾನ ಆಗುತ್ತೆ, ಐಡಲಲ್ಲಿ ನಿಮಿಷಕ್ಕೆ 2000 ಸುತ್ತು ತಿರುಗೋ ಡೈನಮೋ 1600ಕ್ಕೆ ಇಳಿಯುತ್ತೆ, ಆ ವೇಗದಲ್ಲಿ ಹೆಡ್‌ಲೈಟು, ವೈಪರು, ಬ್ಲೋವರು, ರೇಡಿಯೇಟರ್ ಫ್ಯಾನು ಎಲ್ಲಕ್ಕೂ ಸಾಲೋಷ್ಟು ಕರೆಂಟ್ ಬರಲ್ಲ. ವಾಟರ್ ಪಂಪೂ ಅದೇ ಬೆಲ್ಟಲ್ಲಿದ್ರೆ ನೀರೂ ನಿಧಾನ ಓಡುತ್ತೆ. ರೇಸ್ ಟ್ರ್ಯಾಕಲ್ಲಿ ಯಾವಾಗ್ಲೂ ನಿಮಿಷಕ್ಕೆ ಇಂಜಿನ್ ತಿರುಗೋ ಸುತ್ತು ಅಂದ್ರೆ ಆರ್‌ಪಿಎಂ ಮೇಲೇ ಇರೋ ಗಾಡಿಗೆ ಇದು ನಡೆಯುತ್ತೆ, ಘಾಟಿಲಿ ನಿಂತೂ ನಿಂತೂ ಹೋಗೋ ನಮ್ಮ ಗಾಡಿಗಲ್ಲ.

ಇದಕ್ಕಿಂತ ದೊಡ್ಡ ವಿಷಯ ಆ ರಬ್ಬರು. ನಾಲ್ಕು ಸಿಲಿಂಡರ್ ಇಂಜಿನ್ 3000 ಆರ್‌ಪಿಎಂನಲ್ಲಿ ಓಡೋವಾಗ ಸೆಕೆಂಡಿಗೆ 100 ಸಲ ಫೈರ್ ಆಗುತ್ತೆ, ಪ್ರತಿ ಸಲ ಪಿಸ್ಟನ್ ಒದ್ದಾಗ್ಲೂ ಕ್ರಾಂಕು ಒದ್ದೆ ಪಂಚೆ ಹಿಂಡ್ದಂಗೆ ಒಂಚೂರು ತಿರುಚಿ ವಾಪಸ್ ಬರುತ್ತೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಕೆಲವು ಆರ್‌ಪಿಎಂನಲ್ಲಿ ಈ ಅದುರು ಒಂದಕ್ಕೊಂದು ಸೇರಿ ಜೋರಾಗುತ್ತೆ. ಪುಲ್ಲಿಯ ಹೊರಗಿನ ಭಾರದ ರಿಂಗು ತನ್ನ ಪಾಡಿಗೆ ಒಂದೇ ಸಮ ತಿರುಗ್ತಿರುತ್ತೆ, ಮಧ್ಯದ ರಬ್ಬರು ಎಳೆದಾಡಿ ಆ ಅದುರನ್ನ ಬಿಸಿ ಮಾಡಿ ಕಳೆಯುತ್ತೆ. ಅದನ್ನ ತೆಗೆದು ಗಟ್ಟಿ ಅಲ್ಯುಮಿನಿಯಂ ಹಾಕಿದ್ರೆ ಹೊಡೆತ ಬೇರಿಂಗು, ಆಯಿಲ್ ಪಂಪು ತಿನ್ನುತ್ತೆ, ಕೊನೆಗೆ ಕ್ರಾಂಕೇ ಬಿರುಕು ಬಿಡಬಹುದು. ಕೆಲವು ಸಣ್ಣ ಇಂಜಿನ್‌ಗೆ ಕಂಪನಿಯವರೇ ರಬ್ಬರಿಲ್ಲದ ಪುಲ್ಲಿ ಹಾಕಿರ್ತಾರೆ, ಅದು ಬೇರೆ ಮಾತು. ರಬ್ಬರಿದ್ದ ಕಡೆ ರಬ್ಬರಿದ್ದದ್ದೇ ಹಾಕ್ಬೇಕು, ಇದ್ರಲ್ಲಿ ನಂಗೆ ಎರಡು ಮಾತಿಲ್ಲ.

ಮನೆಗೆ ಬಂದು ಬಿಚ್ಚಿದ್ರೆ ಇನ್ನೊಂದು ಕಂಡಿತು, ಮಧ್ಯದ ಬೋಲ್ಟು ಸಡಿಲ ಆಗಿದೆ, ಪುಲ್ಲಿ ಕ್ರಾಂಕ್ ಮೇಲೆ ಜಾರದಂಗೆ ಹಿಡಿಯೋ ಸಣ್ಣ ಲೋಹದ ತುಂಡು, ಅದಕ್ಕೆ ಕೀ ಅಂತಾರೆ, ಅದೂ ಅರ್ಧ ಜಜ್ಜಿದೆ. ಬೋಲ್ಟ್ ಎಷ್ಟು ಬಿಗಿಯಾಯ್ತು ಅಂತ ಅಳೆಯೋ ಟಾರ್ಕ್ ವ್ರೆಂಚ್ ಇಲ್ದೆ ಪೈಪ್ ಹಾಕಿ ಕೈ ಅಂದಾಜಲ್ಲಿ ಟೈಟ್ ಮಾಡಿದ್ನಂತೆ, ಅದೂ ಹಳೇ ಬೋಲ್ಟು. ಪುಣ್ಯಕ್ಕೆ ಕ್ರಾಂಕಲ್ಲಿ ಕೀ ಕೂರೋ ಸಂದು ಹಾಳಾಗಿರ್ಲಿಲ್ಲ, ಹಾಳಾಗಿದ್ರೆ ಇಡೀ ಇಂಜಿನ್ ಇಳಿಸ್ಬೇಕಿತ್ತು.

ಎರಡನೇ ಸಲ ಇಬ್ರೂ ಸೇರಿ ನಮ್ಮನೇಲೇ ಮಾಡಿದ್ವಿ, ಕಂಪನಿದಲ್ಲ, ಹೊರಗಿನದ್ದೇ ಪುಲ್ಲಿ, ಆದ್ರೆ ರಬ್ಬರಿದ್ದದ್ದು, ಒರಿಜಿನಲ್ ಸೈಜು. ನಮ್ ಕಡೆಯವರು ಕಾರಿನಡಿಗೆ ಜಂಬಿಟ್ಟಿಗೆ ಕಲ್ಲು ಇಡ್ತಾರಲ್ಲ, ದಯವಿಟ್ಟು ಇಡ್ಬೇಡಿ, ಅದು ಭಾರಕ್ಕೆ ಗೊತ್ತೇ ಆಗ್ದಂಗೆ ಒಡೆದು ಹೋಗುತ್ತೆ, ಮಳೆ ಕುಡಿದ ಮಣ್ಣಲ್ಲಿ ಜಾಕಿನೂ ಹೂತು ವಾಲುತ್ತೆ. ದಪ್ಪ ಹಲಗೆ ಹಾಕಿ ಅದ್ರ ಮೇಲೆ ಸ್ಟ್ಯಾಂಡ್ ಕೊಟ್ವಿ, ಬ್ಯಾಟರಿ ನೆಗೆಟಿವ್ ಮೊದ್ಲೇ ತೆಗೆದ್ವಿ. ಬೋಲ್ಟಿಗೆ ಪಾನಾ ಕೊಟ್ಟು ಸೆಲ್ಫ್ ಹೊಡ್ದು ಬಿಡಿಸೋ ಅಭ್ಯಾಸ ಕೆಲವರಿಗಿದೆ, ಪಾನಾ ತಿರುಗಿ ಬಂದ್ರೆ ಕೈ ಮೂಳೆ ಉಳಿಯಲ್ಲ, ಪುಲ್ಲಿ ಹಿಡ್ಕೊಳ್ಳೋ ಟೂಲ್ ಬಾಡಿಗೆಗೆ ತರೋದೇ ಸರಿ. ಪುಲ್ಲರ್‌ನೂ (ಪುಲ್ಲಿ ಎಳೆದು ತೆಗೆಯೋ ಟೂಲು) ಪುಲ್ಲಿಯ ಮಧ್ಯಭಾಗದ ಬೋಲ್ಟ್ ತೂತಿಗೇ ಹಾಕ್ಬೇಕು, ಹೊರಗಿನ ರಿಂಗಿಗೆ ಹಾಕಿ ಎಳೆದ್ರೆ ಹೊಸ ಪುಲ್ಲಿಯಾದ್ರೂ ರಬ್ಬರು ಕಿತ್ತು ಬರುತ್ತೆ. ಸುತ್ತಿಗೆ ಅಂತೂ ಹತ್ರಾನೂ ತರ್ಬೇಡಿ, ಹೊಡೆತ ಸೀದಾ ಕ್ರಾಂಕು ಹಿಂದೆ ಮುಂದೆ ಸರಿಯದಂಗೆ ತಡೆಯೋ ಥ್ರಸ್ಟ್ ಬೇರಿಂಗಿಗೆ ಹೋಗುತ್ತೆ. ಹೊಸ ಆಯಿಲ್ ಸೀಲು, ಹೊಸ ಕೀ, ಹೊಸ ಬೋಲ್ಟು ಹಾಕಿ, ಪುಲ್ಲಿ ಮೇಲೆ ಸೀಲ್ ಉಜ್ಜೋ ಜಾಗಕ್ಕೆ ಒಂಚೂರು ಇಂಜಿನ್ ಆಯಿಲ್ ಸವರಿ, ಆ ಇಂಜಿನ್ ಮ್ಯಾನುಯಲ್‌ನಲ್ಲಿರೋ ಲೆಕ್ಕಕ್ಕೇ ಟೈಟ್ ಮಾಡಿದ್ವಿ. ಈ ಲೆಕ್ಕ ಒಂದು ಕಾರಿಂದು ಇನ್ನೊಂದಕ್ಕೆ ಬರಲ್ಲ. ಕೆಲವು ಇಂಜಿನಲ್ಲಿ ಕೀ ಇರೋದೇ ಇಲ್ಲ, ಬೋಲ್ಟ್ ಬಿಚ್ಚಿದ್ರೆ ವಾಲ್ವ್ ತೆರೆದು ಮುಚ್ಚೋ ಟೈಮಿಂಗೇ ತಪ್ಪುತ್ತೆ, ಅಂಥದ್ದನ್ನ ಮನೇಲಿ ಮುಟ್ಟಬಾರ್ದು.

ನನ್ನ ಕೇಳಿಕೆ ಇಷ್ಟೇ. ಈ ಪುಲ್ಲಿ ಮಾರೋರು ಬಾಕ್ಸ್ ಮೇಲೆ ರಬ್ಬರು ಇದ್ಯೋ ಇಲ್ವೋ, ಸೈಜು ಒರಿಜಿನಲ್‌ಗಿಂತ ಎಷ್ಟು ಕಮ್ಮಿ, ಬೋಲ್ಟ್ ಎಷ್ಟು ಟಾರ್ಕಿಗೆ ಅಂತ ಕನ್ನಡದಲ್ಲಿ ಬರೀಲಿ. ನಮ್ಮ ಜಿಲ್ಲೆ ಐಟಿಐಗಳಲ್ಲಿ ತಿಂಗಳಿಗೊಂದು ಭಾನುವಾರ ಎರಡು ಗಂಟೆ ಇಂಥ ಕೆಲಸ ತೋರಿಸಿ ಕೊಡ್ಲಿ, ಹುಡುಗ್ರು ಖಂಡಿತ ಬರ್ತಾರೆ. ಆ ಕೆಂಪು ಪುಲ್ಲಿ ವಾಪಸ್ ತಗೊಳ್ಳಲ್ಲ ಅಂದ್ರು, ಜಜ್ಜಿದ ಕೀ ಜೊತೆ ನಮ್ಮನೇಲೇ ಇಟ್ಟಿದೀನಿ, ಐಟಿಐಯವರು ತೋರ್ಸೋಕೆ ಬೇಕು ಅಂದ್ರೆ ನಾನೇ ತಂದು ಕೊಡ್ತೀನಿ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲೂಕು