ಬೈಗುಳ ತಿಂದ ಮುನ್ಷಿ

ಲಂಡನ್

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀವು ಧಾರವಾಡದ ಕೋರ್ಟಿನಲ್ಲಿ ಭಾಷಾಂತರ ಮಾಡಿದವರು. ಹಾಗಾಗಿ ಇದನ್ನು ನಿಮಗೇ ಬರೆಯಬೇಕು ಅನಿಸಿತು.

ಬ್ರಿಟಿಷ್ ಲೈಬ್ರರಿಯಲ್ಲಿ ಕೂತು ನಥಾನಿಯೆಲ್ ಹಾಲ್‌ಹೆಡ್ ಬಗ್ಗೆ ಓದುತ್ತಿದ್ದೇನೆ. ಲಂಡನ್ನಿನ ವ್ಯಾಪಾರಸ್ಥರ ಮನೆತನ, ತಂದೆ ಬ್ಯಾಂಕ್ ಆಫ್ ಇಂಗ್ಲೆಂಡಿನ ನಿರ್ದೇಶಕ. ಆಕ್ಸ್‌ಫರ್ಡಿನಲ್ಲಿ ಓದಿ, ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಬಂಗಾಳಕ್ಕೆ ಬಂದವರು. ಹಿಂದೂಗಳ ವ್ಯಾಜ್ಯ ಶಾಸ್ತ್ರದ ಪ್ರಕಾರವೇ ತೀರಬೇಕೆಂದು 1772ರಲ್ಲಿ ಬಂಗಾಳದ ಗವರ್ನರ್ ವಾರನ್ ಹೇಸ್ಟಿಂಗ್ಸ್ ನಿರ್ಧರಿಸಿದರು. ಆದರೆ ಶಾಸ್ತ್ರ ಓದಬಲ್ಲ ಇಂಗ್ಲಿಷರು ಎಲ್ಲಿದ್ದರು? ಹನ್ನೊಂದು ಪಂಡಿತರಿಂದ ಸಂಸ್ಕೃತದಲ್ಲಿ ಬರೆಸಿದರು. ಪಾರಸಿ ಬಲ್ಲ ಗುಮಾಸ್ತ, ಅಂದರೆ ಮುನ್ಷಿಯೊಬ್ಬರು, ಅದನ್ನು ಪಾರಸಿಗೆ ತಂದರು. ಪಾರಸಿಯಿಂದ ಇಂಗ್ಲಿಷಿಗೆ ಇಳಿಸಿದ್ದು ಹಾಲ್‌ಹೆಡ್. ಆಗ ಅವರಿಗೆ ಸಂಸ್ಕೃತ ಬರುತ್ತಿರಲಿಲ್ಲ. 1776ರಲ್ಲಿ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು.

ಆಮೇಲೆ ಕಲ್ಕತ್ತೆಯ ನ್ಯಾಯಾಧೀಶರಾಗಿ ವಿಲಿಯಂ ಜೋನ್ಸ್ ಬಂದು, ಈ ಅನುವಾದವನ್ನು ಆಧಾರವಾಗಿ ಹಿಡಿಯುವಂತಿಲ್ಲ ಅಂದರು. ಹಾಲ್‌ಹೆಡ್ ತಮ್ಮ ಪಾಲಿನ ಕೆಲಸ ನಿಷ್ಠೆಯಿಂದಲೇ ಮಾಡಿದ್ದಾರೆ, ಪಾರಸಿಗೆ ತಂದವರೇ ಬೇಕಾಬಿಟ್ಟಿ ಸಾರಾಂಶ ಕೊಟ್ಟದ್ದು ಅಂತ. ಓದಿ ಬೇಜಾರಾಯಿತು ಅಪ್ಪಾ. ಮುನ್ಷಿ ತಪ್ಪಿರಬಹುದು. ಆದರೆ ಮೂಲ ಭಾಷೆ ಬಾರದವರಿಗೆ ಈ ಕೆಲಸ ವಹಿಸಿದ್ದು ಯಾರು? ಅವಸರ ಕಂಪನಿಯದ್ದು, ಬೈಗುಳ ಮುನ್ಷಿಗೆ. ಸಾಕ್ಷಿಯ ಮಾತು ಇಂಗ್ಲಿಷಿನಲ್ಲಿ ಸ್ವಲ್ಪ ಬೇರೆ ಕೇಳಿಸಿದರೂ ವಕೀಲರು ನಿಮ್ಮ ಕಡೆಗೇ ತಿರುಗುತ್ತಿದ್ದರಲ್ವಾ?

ಹಾಲ್‌ಹೆಡ್ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. 1778ರಲ್ಲಿ ಹೂಗ್ಲಿಯಲ್ಲಿ ಅಚ್ಚಾದ ಅವರ ಬಂಗಾಳಿ ವ್ಯಾಕರಣ ನೋಡಿದೆ. ಮುಖಪುಟದಲ್ಲಿ ಬಂಗಾಳಿ ಲಿಪಿಯಲ್ಲಿ ಒಂದು ಸಂಸ್ಕೃತ ಸಾಲಿದೆ, ಫಿರಂಗಿಗಳ, ಅಂದರೆ ಯುರೋಪಿಯನ್ನರ, ಉಪಕಾರಕ್ಕಾಗಿ ಈ ಶಬ್ದಶಾಸ್ತ್ರ ಎಂದು. ಆ ಅಚ್ಚುಮೊಳೆಗಳು ಚಾರ್ಲ್ಸ್ ವಿಲ್ಕಿನ್ಸ್ ಮತ್ತು ಪಂಚಾನನ ಕರ್ಮಕಾರರ ಕೈಕೆಲಸ. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗೂ ಇರುವ ಹೋಲಿಕೆಯನ್ನು ಹಾಲ್‌ಹೆಡ್ ಮುನ್ನುಡಿಯಲ್ಲೇ ಹೇಳಿದ್ದಾರೆ. ಜೋನ್ಸ್ ಅದನ್ನು ಹೇಳಿದ್ದು 1786ರಲ್ಲಿ. ಹೆಸರು ಬಂದದ್ದು ಜೋನ್ಸ್‌ಗೆ.

ಹಾಲ್‌ಹೆಡ್ ಅವರ ಮುಂದಿನ ಬದುಕು ಓದಿದರೆ ಮರುಕ ಬರುತ್ತದೆ. ಪಾರ್ಲಿಮೆಂಟ್ ಸದಸ್ಯರಾದರು. ರಿಚರ್ಡ್ ಬ್ರದರ್ಸ್ ಎಂಬವನು ತಾನೇ ಪ್ರವಾದಿ ಎಂದು ಹೊರಟಾಗ ಅವನನ್ನು ನಂಬಿದರು. ಸರ್ಕಾರ ಅವನನ್ನು ಹುಚ್ಚನೆಂದು ಕೂಡಿಹಾಕಿತು. 1795ರಲ್ಲಿ ಸದನದಲ್ಲಿ ಅವನ ಪರ ನಿರ್ಣಯ ತಂದರೆ ಅನುಮೋದಿಸಲು ಒಬ್ಬರೂ ಏಳಲಿಲ್ಲ. ಸ್ಥಾನ ಬಿಟ್ಟು ವರ್ಷಗಟ್ಟಲೆ ಒಂಟಿಯಾಗಿ ಉಳಿದರು. ತೀರಿಕೊಂಡದ್ದು 1830ರಲ್ಲಿ.

ನೀವು ಹೇಳಿಕೆ ಇಳಿಸುವಾಗ ಸಾಕ್ಷಿಯ ಮಾತನ್ನು ಎಲ್ಲಿ ಮೊಟಕು ಮಾಡುತ್ತಿದ್ದಿರಿ, ಎಲ್ಲಿ ಪೂರ್ತಿ ಬರೆಯುತ್ತಿದ್ದಿರಿ? ಬಿಡುವಾದಾಗ ವಿವರವಾಗಿ ಬರೆಯಿರಿ, ಆ ಮುನ್ಷಿಯ ಕಷ್ಟ ನನಗೆ ಸರಿಯಾಗಿ ತಿಳಿಯಬೇಕು. ಅಮ್ಮನಿಗೆ ನಮಸ್ಕಾರ ಹೇಳಿ.

ಇಂತಿ ನಿಮ್ಮ ಮಗ